ಆಗುಂಬೆ ಹತ್ತಿದ ನೀರು

ಆಗಸ್ಟ್ ೯, ೧೯೬೩

ತೀರ್ಥಹಳ್ಳಿಯಿಂದ ಪಾಠ ಟಿಪ್ಪಣಿ ಬರೆಯಲೆಂದು ಮೂರು ನೋಟ್‌ಬುಕ್ ತಂದಿದ್ದೆ. ಎರಡು ಸರ್ಕಾರಕ್ಕೆ, ಇದೊಂದು ನನಗೆ. ಸರ್ಕಾರದ ಪುಸ್ತಕದಲ್ಲಿ ‘ಮಕ್ಕಳು ಆಸಕ್ತಿಯಿಂದ ಆಲಿಸಿದರು’ ಎಂದು ದಿನವೂ ಬರೆಯುತ್ತೇನೆ. ಇಲ್ಲಾದರೂ ನಿಜ ಬರೆಯಬಹುದು. ಇವತ್ತು ನಲವತ್ತೊಂದರಲ್ಲಿ ಇಪ್ಪತ್ತಾರು ಬಂದಿದ್ದವು. ಅರ್ಧ ತೂಕಡಿಸಿದವು. ಉಳಿದವು ಕಂಬಳಿಯ ಅಂಚಿನಿಂದ ನೀರು ಹಿಂಡಿ ಮುಂದೆ ಕೂತವರ ಬೆನ್ನಿಗೆ ಬಿಡುತ್ತಿದ್ದವು. ಒಂದರಿಂದ ನಾಲ್ಕರವರೆಗೆ ಒಂದೇ ಕೋಣೆ, ನಾನೊಬ್ಬನೇ ಮೇಷ್ಟ್ರು.

ನಾಲ್ಕನೆಯವರಿಗೆ ನದಿಗಳ ಪಾಠ. ತುಂಗೆ ಪೂರ್ವಕ್ಕೆ ಹರಿದು, ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿ ಮುಟ್ಟುತ್ತಾಳೆ ಎಂದು ಎರಡು ಸಲ ಹೇಳಿಸಿದೆ. ಬೆಳ್ಳಪ್ಪನ ಮಗಳು ಎದ್ದು ನಿಂತಿತು.

“ಸಾ, ಸಮುದ್ರ ಇಲ್ಲೇ ಆಗುಂಬೆ ಕೆಳಗೆ ಇದ್ಯಲ್ಲ. ಹತ್ರದ್ದು ಬಿಟ್ಟು ಅಷ್ಟು ದೂರದ್ದಕ್ಕೆ ಯಾಕೆ ಹೋಗ್ತಾಳೆ?”

“ಪುಸ್ತಕದಲ್ಲಿ ಹಾಗೇ ಇದೆ, ಕೂತ್ಕೊ” ಎಂದೆ. ಕೂತಿತು. ಹೆಸರು ಗುತ್ಯಮ್ಮ, ಹತ್ತು ವರ್ಷ. ಮಾತು ಜಾಸ್ತಿ. ಇಂಥ ಒಂದು ಮಗು ಇದ್ದರೆ ಪಾಠ ಗುರಿ ಮುಟ್ಟುವುದಿಲ್ಲ.

ಸಾಗರಕ್ಕೆ ವರ್ಗ ಕೇಳಿ ಮೂರನೆಯ ಅರ್ಜಿ ಹಾಕಿದ್ದೇನೆ. ಅಮ್ಮ ಬರೆದಿದ್ದಾಳೆ. ಹೆಣ್ಣಿನ ಕಡೆಯವರು ಹುಡುಗ ಎಲ್ಲಿದ್ದಾನೆ ಎಂದು ಕೇಳಿದರಂತೆ. ಮೇಗರವಳ್ಳಿಯಿಂದ ಎರಡು ಮೈಲಿ ಒಳಗೆ ಎಂದ ಕೂಡಲೇ ಕಾಫಿ ಕುಡಿದು ಎದ್ದರಂತೆ.

ಆಗಸ್ಟ್ ೧೩

ಗುತ್ಯಮ್ಮ ಇವತ್ತು ಶಾಲೆಗೆ ಒಂದು ಅಡಿಕೆ ಹಾಳೆ, ಒಂದು ಮುದ್ದೆ ಕೆಸರು, ಒಂದು ಚೊಂಬು ಹಿಡಿದು ಬಂತು. ನಾನು ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಿದ್ದಾಗ ಮೂಲೆಯಲ್ಲಿ ಗುಂಪು ಸೇರಿತು. ಬೆತ್ತ ಹಿಡಿದು ಹೋದರೆ, ಹಾಳೆಯ ಒಂದು ತುದಿಯ ಕೆಳಗೆ ಸ್ಲೇಟು ಜೋಡಿಸಿ ಎತ್ತರ ಮಾಡಿದ್ದಾಳೆ. ಆ ತುದಿಗೆ ಅಡ್ಡಲಾಗಿ ಕೆಸರಿನ ಒಡ್ಡು. ಒಡ್ಡಿನ ಆಚೆ ನೆಲದ ಮೇಲೆ ತೆಂಗಿನ ಚಿಪ್ಪು.

“ಇದು ಆಗುಂಬೆ ಗುಡ್ಡ. ಚಿಪ್ಪು ಸಮುದ್ರ. ಈಗ ಮಳೆ ಬಂತು ನೋಡಿ” ಎಂದು ಒಡ್ಡಿನ ಈಚೆಗೆ ನೀರು ಹೊಯ್ದಳು. ನೀರು ಎರಡು ಬೆರಳಿನ ದೂರದಲ್ಲಿದ್ದ ಚಿಪ್ಪನ್ನು ಬಿಟ್ಟು ಹಾಳೆಯ ಉದ್ದಕ್ಕೂ ಹರಿದು ಬಾಗಿಲ ಹೊರಗೆ ಹೋಯಿತು.

“ನೀರಿಗೆ ಹತ್ರ ದೂರ ಗೊತ್ತಾಗಲ್ಲ ಸಾ. ಇಳಿಜಾರು ಒಂದೇ ಗೊತ್ತಾಗೋದು.”

ಮೂರು ವರ್ಷದಿಂದ ನಾಲ್ಕನೆಯಲ್ಲೇ ಇರುವ ಸುಬ್ಬಪ್ಪನೂ ನಿದ್ದೆ ಬಿಟ್ಟು ಬಂದು ತಾನೊಂದು ಸಲ ಹೊಯ್ಯುತ್ತೇನೆ ಎಂದು ಚೊಂಬಿಗೆ ಕೈ ಹಾಕಿದ. ಎಲ್ಲರಿಗೂ ಹೊಯ್ಯಬೇಕು. ಗಣಿತದ ಗಂಟೆ ಹಾಗೇ ಹೋಯಿತು. ನೆಲ ಒದ್ದೆ. ಕೊನೆಗೆ ಗದರಿಸಿ ಕೂರಿಸಿದೆ.

ಸರ್ಕಾರದ ಪುಸ್ತಕದಲ್ಲಿ ‘ಮಳೆಯಿಂದ ಪಾಠಕ್ಕೆ ಅಡಚಣೆ’ ಎಂದು ಬರೆದೆ.

ನವೆಂಬರ್ ೨೦

ಒಳ್ಳೆಯ ಸುದ್ದಿ. ಜನವರಿಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ತನಿಖೆಗೆ ಬರುತ್ತಾರೆ. ಅವರು ಮೆಚ್ಚಿ ಬರೆದರೆ ನಮ್ಮಲ್ಲಿ ಮುಂದಿನ ಜೂನ್‌ನಿಂದ ಐದನೆಯ ತರಗತಿ, ವರ್ಷಕ್ಕೊಂದರಂತೆ ಏಳರವರೆಗೆ. ಈಗ ಐದನೆಯದು ಓದಬೇಕೆಂದರೆ ಪೇಟೆಯಲ್ಲಿ ಯಾರದಾದರೂ ಮನೆಯಲ್ಲಿ ಇರಬೇಕು. ಗಂಡುಹುಡುಗರು ಒಬ್ಬಿಬ್ಬರು ಹೋಗುತ್ತಾರೆ, ಹೆಣ್ಣುಮಕ್ಕಳ ಓದು ನಾಲ್ಕಕ್ಕೆ ಮುಗಿಯುತ್ತದೆ. ಶಾಲಾ ಸಮಿತಿಯ ಅಧ್ಯಕ್ಷ ಜಟ್ಟಪ್ಪ ತನ್ನ ಅಂಗಡಿಯಲ್ಲಿ ಕೂರಿಸಿ ಕಾಫಿ ಕೊಟ್ಟು, “ಮೇಷ್ಟ್ರೆ, ಇದೊಂದು ಮಾಡಿಕೊಡಿ. ನಿಮ್ಮ ವರ್ಗದ್ದು ನಾನು ಮಾತಾಡ್ತೀನಿ” ಎಂದ. ಮಾತಾಡುವ ಗಿರಾಕಿಯೇ.

ಸಂಜೆ ಬೆಳ್ಳಪ್ಪ ಬಂದಿದ್ದ. ಗೇಣಿ ಗದ್ದೆ ಮಾಡುವ ಆಳು, ಹೆಬ್ಬೆಟ್ಟಿನವನು. ಜೈನನಾದ ನನಗೆ ಸೂರ್ಯ ಮುಳುಗುವ ಮೊದಲು ಊಟ ಆಗಬೇಕು, ಒಲೆಯ ಮೇಲೆ ಅನ್ನ ಇದೆ. ಇವನು ಬಾಗಿಲಲ್ಲಿ ನಿಂತು ಮಾತು ಎಳೆಯುತ್ತಾನೆ.

“ಐದನೇ ಕ್ಲಾಸು ಆದ್ರೆ ಮೊದಲ ಹೆಸರು ನಮ್ಮ ಗುತ್ತೀದೇ ಬರ್ಕೊಳ್ಳಿ ಮೇಷ್ಟ್ರೆ. ಅವಳ್ನ ಟೀಚರ್ ಮಾಡ್ಬೇಕು ಅಂತ ನಂಗೆ. ಅವಳವ್ವ ಕೆರಿಯಮ್ಮ ನಗಾಡ್ತಾಳೆ. ನಗಾಡ್ಲಿ.”

“ನೋಡಣ, ನೀನು ನಡಿ” ಎಂದೆ. ಅನ್ನ ಸೀದಿತ್ತು.

ಡಿಸೆಂಬರ್ ೭

ತೀರ್ಥಹಳ್ಳಿಯಲ್ಲಿ ಉಪಾಧ್ಯಾಯರ ಸಭೆ. ಮುಗಿದ ಮೇಲೆ ಸೀತಾರಾಮಪ್ಪ ಮೇಷ್ಟ್ರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ತಿನ್ನಿಸಿ ಗುಟ್ಟು ಕೇಳಿದೆ. ಮೂವತ್ತು ವರ್ಷದ ಸರ್ವಿಸ್, ಹತ್ತು ಇನ್‌ಸ್ಪೆಕ್ಟರುಗಳನ್ನು ಕಂಡವರು.

“ಈ ಸಾಹೇಬ್ರಿಗೆ ಜಾಣ ಮಕ್ಕಳು ಬೇಡ ಕಣಯ್ಯ ಶಾಂತರಾಜ” ಎಂದರು. “ಎಲ್ಲವೂ ಪಟಪಟ ಹೇಳಿದ್ರೆ ಬಾಯಿಪಾಠ ಅಂತ ಬರೀತಾನೆ. ಒಂದು ಮಗು ತಪ್ಪು ಹೇಳ್ಬೇಕು. ನೀನು ಬಯ್ಯದೆ, ಹೊಡೆಯದೆ, ಏನೋ ಒಂದು ವಸ್ತು ತೋರಿಸಿ ಅದಕ್ಕೆ ತಿಳಿಸ್ಬೇಕು. ಅದರ ಮುಖ ಅರಳ್ಬೇಕು. ಅಷ್ಟು ಆಯ್ತೋ, ಪೆನ್ನು ತಾನಾಗೇ ಓಡುತ್ತೆ.”

ಬಸ್ಸಿನಲ್ಲಿ ಬರುವಾಗಲೇ ಪಾಠ ತಯಾರಾಯಿತು. ನದಿಯ ಪಾಠ, ಅಡಿಕೆ ಹಾಳೆ, ಕೆಸರಿನ ಆಗುಂಬೆ. ತಪ್ಪು ಉತ್ತರ ಕೂಡ ಹೊಳೆಯಿತು: ತುಂಗೆಯ ನೀರು ಆಗುಂಬೆ ಗುಡ್ಡ ಹತ್ತಿ, ಘಾಟಿ ಇಳಿದು ಸಮುದ್ರ ಸೇರುತ್ತದೆ. ನಗು ಬರುವಂಥದು, ಆದರೆ ಮಗುವೊಂದು ನಿಜಕ್ಕೂ ಹೇಳಬಹುದಾದದ್ದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಡಿಸೆಂಬರ್ ೧೧

ತಪ್ಪು ಹೇಳಲು ಸುಬ್ಬಪ್ಪನೇ ಸರಿ ಎಂದುಕೊಂಡಿದ್ದೆ. ಹೇಳಿಕೊಡುವ ಕಷ್ಟವೇ ಇಲ್ಲ, ಕೇಳಿದರೆ ಸಾಕು. ಇವತ್ತು ಪರೀಕ್ಷಿಸಲೆಂದು ಕರೆದು, ತುಂಗೆಯ ನೀರು ಎಲ್ಲಿಗೆ ಹೋಗುತ್ತದೋ ಎಂದೆ. “ಕೂಡ್ಲಿಗೆ ಹೋಗಿ ಭದ್ರೆ ಸೇರಿ ಕೃಷ್ಣೆ ಸೇರಿ ಬಂಗಾಳಕ್ಕೆ ಸಾ” ಎಂದುಬಿಟ್ಟ. ಮೂರು ವರ್ಷದಲ್ಲಿ ಇವನು ಕೊಟ್ಟ ಮೊದಲ ಸರಿ ಉತ್ತರ. ಯಾವಾಗ ಕಲಿತೆಯೋ ಎಂದರೆ, “ಅವತ್ತು ಹಾಳೇಲಿ ನೀರು ಹೊಯ್ದಿದ್ವಲ್ಲ ಸಾ” ಎಂದ. ದಡ್ಡ ಬೇಕು ಎನ್ನುವಾಗಲೇ ಇವನಿಗೆ ಬುದ್ಧಿ ಬರಬೇಕೆ.

ಉಳಿದವರು ಸಾಹೇಬರನ್ನು ಕಂಡರೆ ಅತ್ತುಬಿಡುತ್ತಾರೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಎದೆ ಇರುವುದು ಒಂದಕ್ಕೇ, ಗುತ್ಯಮ್ಮನಿಗೆ.

ಡಿಸೆಂಬರ್ ೧೨

ಶಾಲೆ ಬಿಟ್ಟ ಮೇಲೆ ಗುತ್ಯಮ್ಮನನ್ನು ನಿಲ್ಲಿಸಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಕಾಲ ಹೆಬ್ಬೆರಳಿನಿಂದ ನೆಲ ಕೆರೆಯಿತು.

“ಗೊತ್ತಿದ್ದೂ ಗೊತ್ತಿಲ್ಲ ಅನ್ಬೇಕಾ ಸಾ?”

“ಒಂದೇ ಸಲ. ಆಮೇಲೆ ನಾನು ಹಾಳೆ ತೋರಿಸ್ತೀನಿ. ಆಗ ಗೊತ್ತಾಯ್ತು ಅನ್ನು.”

“ಹಾಳೆ ನಾನು ತೋರಿಸ್ತೀನಿ ಸಾ. ಉತ್ತರ ಬೇರೆ ಯಾರಾದ್ರೂ ತಪ್ಪು ಹೇಳ್ಲಿ.”

ಹಾಳೆ ಮೇಷ್ಟ್ರೇ ತೋರಿಸಬೇಕು ಎಂದು ತಿಳಿಹೇಳಿದೆ. ಇದು ಸಾಧ್ಯವಾದರೆ ಐದನೇ ಕ್ಲಾಸು ಬರುತ್ತದೆ, ಅದು ಬಂದರೆ ನೀನು ಓದುತ್ತೀ ಎಂದೆ. ಆಗ ಒಪ್ಪಿತು. ಇನ್ನು ಬಾಯಿಬಿಟ್ಟರೆ ಕೆಲಸ ಕೆಟ್ಟಿತು. ಸಹಪಾಠಿಗಳಿಗೆ, ಅಪ್ಪನಿಗೆ, ಅವ್ವನಿಗೆ, ಯಾರಿಗೂ ಹೇಳಕೂಡದು ಎಂದು ಪಾಠಪುಸ್ತಕ ಮುಟ್ಟಿಸಿ ಆಣೆ ಮಾಡಿಸಿದೆ. ಪುಸ್ತಕ ಮುಟ್ಟಿ ಸುಳ್ಳಾಡಿದರೆ ವಿದ್ಯೆ ಹತ್ತುವುದಿಲ್ಲ ಎಂದು ಇಲ್ಲಿಯ ಮಕ್ಕಳು ಗಟ್ಟಿಯಾಗಿ ನಂಬುತ್ತಾರೆ. ಪುಸ್ತಕವನ್ನು ಎರಡು ಕಣ್ಣಿಗೂ ಒತ್ತಿಕೊಂಡು, “ಯಾರಿಗೂ ಹೇಳಲ್ಲ” ಎಂದಿತು.

ಜನವರಿ ೨೨, ೧೯೬೪

ಗೆದ್ದೆ. ಇವತ್ತಿನದನ್ನು ಪೂರ್ತಿ ಬರೆದಿಡುತ್ತೇನೆ.

ಸಾಹೇಬರು ಹತ್ತೂವರೆಗೆ ಬಂದರು. ಮಾವಿನೆಲೆ ತೋರಣ, ಗೋಡೆಗೆ ಹೊಸ ಸುಣ್ಣ. ಹಿಂದಿನ ಗೋಡೆಗೆ ಒರಗಿ ಊರಿನ ಹದಿನೈದು ಇಪ್ಪತ್ತು ಜನ. ಬೆಳ್ಳಪ್ಪನೂ ಒಗೆದ ಅಂಗಿ ತೊಟ್ಟು ಬಂದಿದ್ದ. ಮೊದಲು ಎರಡು ಮಗ್ಗಿ, ಒಂದು ಪದ್ಯ. ಸಾಹೇಬರು ಆಕಳಿಸಿದರು. ಆಮೇಲೆ ನದಿ. ಮೂವರು ಸರಿಯಾಗಿ ಹೇಳಿದರು, ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಗುತ್ಯಮ್ಮನ ಹೆಸರು ಕೂಗಿದೆ.

ಎದ್ದು ನಿಂತು, ಕೈ ಕಟ್ಟಿ, ಸ್ಪಷ್ಟವಾಗಿ, “ತುಂಗೆ ನೀರು ಆಗುಂಬೆ ಹತ್ತಿ ಘಾಟಿ ಇಳಿದು ಸಮುದ್ರ ಸೇರುತ್ತೆ ಸಾ” ಎಂದಳು.

ಮಕ್ಕಳು ಗೊಳ್ಳೆಂದರು. ಹಿಂದೆ ನಿಂತ ದೊಡ್ಡವರೂ ನಕ್ಕರು. ನಾನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ನಗಬಾರದು, ತಪ್ಪುವುದು ಸಹಜ ಎಂದು ಮೃದುವಾಗಿ ಹೇಳಿದೆ. ಹಾಳೆ ತೆಗೆದೆ, ಗುಡ್ಡ ಕಟ್ಟಿದೆ, ನೀರು ಹೊಯ್ದೆ. “ನೋಡು ಮಗು, ನೀರಿಗೆ ಹತ್ತಿರ ದೂರ ಗೊತ್ತಾಗುವುದಿಲ್ಲ, ಇಳಿಜಾರು ಒಂದೇ ಗೊತ್ತಾಗುವುದು” ಎಂದೆ. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. ಆ ಮಾತನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. “ಈಗ ತಿಳಿಯಿತೇನಮ್ಮ?” ಎಂದು ಅವರೇ ಕೇಳಿದರು. “ತಿಳೀತು ಸಾ” ಎಂದಳು. ಮುಖ ಅರಳಿಸಲು ಮರೆತಳು. ಸಾಹೇಬರು ತಲೆ ಸವರಿ, “ಪಾಪ” ಎಂದರು.

ತನಿಖೆ ಪುಸ್ತಕದಲ್ಲಿ ಅವರು ಬರೆದದ್ದನ್ನು ಜಟ್ಟಪ್ಪ ಎಲ್ಲರಿಗೂ ಕೇಳುವಂತೆ ಓದಿದ. ‘ಉಪಾಧ್ಯಾಯರ ಬೋಧನಾ ಕ್ರಮ ಅತ್ಯುತ್ತಮ. ಗುತ್ಯಮ್ಮ ಎಂಬ ಮಂದಮತಿ ಬಾಲಕಿಗೂ ಮನದಟ್ಟಾಗುವಂತೆ ಪಾಠ ಮಾಡಿದರು. ಶಾಲೆಯನ್ನು ಮೇಲ್ದರ್ಜೆಗೆ ಏರಿಸಲು ಶಿಫಾರಸು ಮಾಡಿದೆ.’ ಕೆಳಗೆ ರುಜು, ಮೊಹರು.

ಎಲ್ಲರಿಗೂ ಕೋಸಂಬರಿ, ಪಾನಕ. ಗುತ್ಯಮ್ಮನಿಗೆ ಒಂದು ಪೆನ್ಸಿಲ್ ಕೊಡಬೇಕೆಂದು ತಂದಿದ್ದೆ. ಗಡಿಬಿಡಿಯಲ್ಲಿ ಅವಳು ಹೋಗಿಬಿಟ್ಟಿದ್ದಳು.

ಜನವರಿ ೨೭

ಮಕ್ಕಳು ಅವಳನ್ನು ‘ಆಗುಂಬೆ’ ಎಂದು ಕರೆಯುತ್ತಿವೆ. ಹಳ್ಳ ದಾಟುವಾಗ, “ಏ ಆಗುಂಬೆ, ಈ ನೀರು ಯಾವ ಗುಡ್ಡ ಹತ್ತುತ್ತೆ?” ಎಂದು ಕೂಗಿದವಂತೆ. ಇಬ್ಬರಿಗೆ ಎರಡೆರಡು ಬಾರಿಸಿದೆ. ಸುಬ್ಬಪ್ಪ ಬಂದು, “ಹಾಳೆ ಮೊದ್ಲು ತಂದಿದ್ದು ಅವಳೇ ಅಲ್ವಾ ಸಾ? ಆಮೇಲೆ ಹ್ಯಾಂಗೆ ಮರೆತ್ಲು?” ಎಂದ. ಸಾಹೇಬರನ್ನು ಕಂಡು ಹೆದರಿದಳು ಎಂದೆ. ಹುಡುಗಾಟ, ನಾಲ್ಕು ದಿನ ಇರುತ್ತದೆ, ಹೋಗುತ್ತದೆ.

ಪೆನ್ಸಿಲ್ ಕೊಟ್ಟೆ. ತೆಗೆದುಕೊಂಡಳು.

ಫೆಬ್ರವರಿ ೨೪

ಈ ತಿಂಗಳು ಪಾಠಗಳು ಸರಾಗವಾಗಿ ಮುಗಿಯುತ್ತಿವೆ. ಅಡ್ಡಪ್ರಶ್ನೆ ಇಲ್ಲ, ಗಲಾಟೆ ಇಲ್ಲ.

ಏಪ್ರಿಲ್ ೧೭

ಐದನೆಯ ತರಗತಿ ಮಂಜೂರಾಗಿದೆ. ಜಟ್ಟಪ್ಪ ಅಂಗಡಿ ಮುಂದೆ ಬಂದವರಿಗೆಲ್ಲ ಮಂಡಕ್ಕಿ ಹಂಚಿದ. ನಾಲ್ಕನೆಯವರ ಪರೀಕ್ಷೆಯೂ ಮುಗಿಯಿತು. ಗುತ್ಯಮ್ಮನ ಗಣಿತಕ್ಕೆ ಒಂದೂ ತಪ್ಪಿಲ್ಲ. ಬಾಯಿಪರೀಕ್ಷೆಯಲ್ಲಿ ಮಾತ್ರ ಏನು ಕೇಳಿದರೂ ನನ್ನ ಮುಖ ನೋಡುತ್ತ ನಿಂತಳು. ಗಂಗೆ ಎಲ್ಲಿ ಹುಟ್ಟುತ್ತದೆ ಎಂದರೆ, “ಏನು ಹೇಳ್ಬೇಕು ಸಾ?” ಎಂದಳು. ಗೊತ್ತಿರುವುದನ್ನು ಹೇಳು ಎಂದೆ. ಹೇಳಲಿಲ್ಲ. ಹಾಗೇ ಪಾಸು ಮಾಡಿದೆ.

ಜೂನ್ ೧೫

ಐದನೆಯದಕ್ಕೆ ಒಂಬತ್ತು ಮಕ್ಕಳು ಸೇರಿದರು, ಹೆಣ್ಣು ಎರಡು. ಮೊದಲ ಹೆಸರು ಎಂದು ಖಾಲಿ ಬಿಟ್ಟಿದ್ದ ಗೆರೆ ಸಂಜೆಯವರೆಗೂ ಖಾಲಿಯೇ ಇತ್ತು. ಬೆಳ್ಳಪ್ಪನ ಗದ್ದೆಗೆ ಹೋದೆ. ಸಸಿಮಡಿಯಲ್ಲಿದ್ದವನು ಬದುವಿಗೆ ಬಂದ.

“ಗುತ್ತೀನ ಅವಳ ಸೋದರತ್ತೆ ಮನೆಗೆ ಕಳಿಸಿದೀನಿ ಮೇಷ್ಟ್ರೆ, ಹೊಸನಗರದ ಕಡೆ. ಅವರಿಗೆ ಡ್ಯಾಮಿನ ಮುಳುಗಡೆ ಬಂದಿದೆ, ಸಾಮಾನು ಸಾಗಿಸ್ಬೇಕು, ಕೈಗೂಸು ಬೇರೆ. ಒಂದು ಕೈ ಆಗುತ್ತೆ.”

“ಓದಿಸ್ತೀನಿ ಅಂದಿದ್ಯಲ್ಲ.”

“ಅಂದಿದ್ದೆ. ಮಂದಮತಿ ಅಂದ್ರೇನು ಅಂತ ಜಟ್ಟಪ್ಪಯ್ಯನ್ನ ಕೇಳಿದೆ. ಹೇಳಿದ್ರು. ಹತ್ತದೆ ಇರೋದನ್ನ ಹತ್ತಿಸಿ ಕೂಸಿಗೆ ಯಾಕೆ ಹಿಂಸೆ? ನಾಲ್ಕು ಜನದ ಮುಂದೆ ಮತ್ತೆ ನಗೆಪಾಟಲು ಆಗೋದು ಬೇಡ. ನನ್ನ ತಲೆನೇ ಅವಳಿಗೆ ಬಂದಿದೆ.”

ನಾನು ಅಲ್ಲೇ ಹೇಳಬಹುದಿತ್ತು. ಮಂಜೂರಾತಿ ಇನ್ನೂ ಹಸಿ, ಕಾಗದ ವಾಪಸು ಹೋದರೆ ಒಂಬತ್ತು ಮಕ್ಕಳ ಗತಿ ಏನು ಎಂದು ಸುಮ್ಮನೆ ಬಂದೆ. ನನ್ನ ವರ್ಗದ ಅರ್ಜಿಯೂ ಅದೇ ಕಚೇರಿಯಲ್ಲಿದೆ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಪುಸ್ತಕವೂ ಸರ್ಕಾರದ ಪುಸ್ತಕವೇ ಆಗುತ್ತದೆ.

ಆಗಸ್ಟ್ ೪

ಈ ವರ್ಷದ ನಾಲ್ಕನೆಯವರಿಗೆ ನದಿಯ ಪಾಠ. ಹಾಳೆ, ಕೆಸರು, ಚೊಂಬು ಎಲ್ಲ ತಂದು ಅಚ್ಚುಕಟ್ಟಾಗಿ ಮಾಡಿದೆ. ಮಕ್ಕಳು ಕೈಕಟ್ಟಿ ನೋಡಿದರು. ತಿಳಿಯಿತೇ ಎಂದರೆ ‘ತಿಳೀತು ಸಾ’ ಎಂದರು, ಎಲ್ಲರೂ ಒಟ್ಟಿಗೆ. ಪ್ರಶ್ನೆ ಕೇಳಿ ಎಂದೆ. ಯಾರೂ ಕೇಳಲಿಲ್ಲ. ಸಮುದ್ರ ಹತ್ತಿರವೇ ಇದೆಯಲ್ಲ, ನೀರು ಯಾಕೆ ಆ ಕಡೆ ಹೋಗುವುದಿಲ್ಲ ಎಂದು ನಾನೇ ಕೆಣಕಿದೆ. ಒಬ್ಬ ಹುಡುಗ ಬಾಯಿ ತೆರೆದು, ಪಕ್ಕದವನು ನಕ್ಕಿದ್ದು ಕಂಡು ಮುಚ್ಚಿಕೊಂಡ.

ಐದನೆಯ ತರಗತಿಯ ಸಾಲಿನಲ್ಲಿ ಕೂತಿದ್ದ ಸುಬ್ಬಪ್ಪ, “ಅವಳಿದ್ದಿದ್ರೆ ಕೇಳ್ತಿದ್ಲು ಸಾ” ಎಂದ.

ಆಗಸ್ಟ್ ೧೮

ಮಳೆ ಬಿಟ್ಟಿತ್ತು. ಎಲ್ಲರನ್ನೂ ಹಳ್ಳಕ್ಕೆ ಕರೆದುಕೊಂಡು ಹೋದೆ. ಎಲೆ ತೇಲಿಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಹೆಜ್ಜೆಯಲ್ಲಿ ಅಳೆಸಿದೆ. ಕಲ್ಲಿನ ಹತ್ತಿರ ನೀರು ಹಿಂದಕ್ಕೆ ತಿರುಗುತ್ತದೆ, ಯಾಕೆ ಎಂದು ನಾಲ್ಕನೆಯ ದುಗ್ಗಮ್ಮ ಕೇಳಿದಳು, ಬಹಳ ಸಣ್ಣ ದನಿಯಲ್ಲಿ. ನನಗೂ ಸರಿಯಾಗಿ ಗೊತ್ತಿಲ್ಲ, ನೋಡೋಣ ಎಂದೆ. ಸಂಜೆಯವರೆಗೆ ಅಲ್ಲೇ ಇದ್ದೆವು. ಬಟ್ಟೆಯೆಲ್ಲ ಒದ್ದೆ. ಸೂರ್ಯ ಮುಳುಗಿದ್ದು ನೆನಪಿಲ್ಲ, ರಾತ್ರಿ ಉಪವಾಸ.

ಸಾಗರಕ್ಕೆ ವರ್ಗದ ಆರ್ಡರು ಬಂದಿದೆ. ನವೆಂಬರಿನೊಳಗೆ ಹಾಜರಾಗಬೇಕು.

ಸೆಪ್ಟೆಂಬರ್ ೧೩

ಆ ಹಾಳೆ ನನ್ನದಲ್ಲ. ಪ್ರಶ್ನೆ ಅವಳದು, ಉತ್ತರ ಅವಳದು, ಸಾಹೇಬರು ಬರೆದುಕೊಂಡ ಮಾತು ಅವಳದು. ನಾನು ಸೇರಿಸಿದ್ದು ಆ ತಪ್ಪು ಉತ್ತರ ಒಂದೇ, ಅದನ್ನು ಅವಳ ಬಾಯಲ್ಲಿ ಇಟ್ಟೆ. ಈ ನೋಟ್‌ಬುಕ್ಕಿನ ಒಂದು ವರ್ಷದ ಹಿಂದಿನ ಪುಟಗಳನ್ನು ತಿರುವಿ ಓದಿದಾಗ ನಾಚಿಕೆಯಾಯಿತು. ಎಲ್ಲ ನಾನೇ ಬರೆದಿದ್ದೇನೆ, ಆದರೂ ಕಾಣಲಿಲ್ಲ.

ಸೆಪ್ಟೆಂಬರ್ ೨೭

ಬೆಳ್ಳಪ್ಪನವರ ಮನೆಗೆ ಹೋಗಿದ್ದೆ. ಕೆರಿಯಮ್ಮನವರು ಜಗಲಿಗೆ ಚಾಪೆ ಹಾಕಿದರು. ಎಲ್ಲವನ್ನೂ ಹೇಳಿದೆ. ಸೀತಾರಾಮಪ್ಪ ಮೇಷ್ಟ್ರ ಮಾತಿನಿಂದ ಹಿಡಿದು ಪೆನ್ಸಿಲಿನವರೆಗೆ. ಬೆಳ್ಳಪ್ಪನವರು ತಲೆ ತಗ್ಗಿಸಿ ಕೇಳಿದರು. ಬೈಯುತ್ತಾರೆ, ಬೈದರೆ ಹಗುರಾಗುತ್ತದೆ ಎಂದುಕೊಂಡಿದ್ದೆ.

“ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೆ” ಎಂದರು. “ನಮಗೆ ಬೇಜಾರಾಗ್ಬಾರದು ಅಂತ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತೀರಿ.”

“ಇಲ್ಲ ಬೆಳ್ಳಪ್ಪನವರೇ, ನಿಜ ಹೇಳ್ತಿದೀನಿ.”

“ಅವತ್ತು ಮನೆಗೆ ಬಂದ ಮೇಲೆ ಅವಳನ್ನೇ ಕೇಳಿದೆ. ನಿಂಗೆ ಗೊತ್ತಿತ್ತಾ ಇಲ್ವಾ ಅಂತ. ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಇವಳೂ ಕೇಳಿದ್ಲು. ಸಿಟ್ಟು ಬಂದು ಒಂದು ಏಟು ಕೂಡ ಹಾಕ್ದೆ. ಗೊತ್ತಿದ್ದಿದ್ರೆ ಅಪ್ಪನ ಹತ್ರ ಹೇಳ್ತಿರ್ಲಿಲ್ವಾ?”

ಎರಡು ಕಣ್ಣಿಗೂ ಪುಸ್ತಕ ಒತ್ತಿಕೊಂಡಿದ್ದು ನೆನಪಾಯಿತು. ಆಣೆಯ ವಿಷಯ ಹೇಳಿದೆ. ಅದನ್ನೂ ಅವರು ಸಮಾಧಾನದ ಮಾತು ಎಂದೇ ತಿಳಿದರು.

ಅಕ್ಟೋಬರ್ ೨

ತನಿಖೆ ಪುಸ್ತಕ ತೆಗೆದು ಸಾಹೇಬರ ಷರಾದ ಕೆಳಗೆ ಬರೆದೆ: ಗುತ್ಯಮ್ಮ ಮಂದಮತಿಯಲ್ಲ, ತಪ್ಪು ಉತ್ತರವನ್ನು ನಾನೇ ಹೇಳಿಕೊಟ್ಟದ್ದು, ಆ ಪಾಠ ಅವಳಿಂದ ನಾನು ಕಲಿತದ್ದು. ರುಜು ಹಾಕಿದೆ. ಜಟ್ಟಪ್ಪ, “ನಿಮಗೆ ತಲೆ ಕೆಟ್ಟಿದ್ಯಾ ಮೇಷ್ಟ್ರೆ, ಸಾಗರಕ್ಕೆ ಹೋಗೋರು ತೆಪ್ಪಗೆ ಹೋಗ್ಬಾರ್ದಾ? ಈ ಶಾಲೆ ಕಿತ್ಕೊಂಡು ಹೋದ್ರೆ ಊರಿಗೆ ಯಾರು ಉತ್ತರ ಹೇಳೋದು?” ಎಂದು ಹಾರಾಡಿದ. ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅದೇ ವಿಷಯ ಸಾಹೇಬರಿಗೂ ಕಾಗದ ಬರೆದು ಅಂಚೆಗೆ ಹಾಕಿದ್ದೇನೆ ಎಂದು ಅವನಿಗೆ ಹೇಳಲು ಧೈರ್ಯ ಸಾಲಲಿಲ್ಲ.

ಬೆಳ್ಳಪ್ಪನವರನ್ನು ಕರೆದು ಓದಿ ಹೇಳಿದೆ. ಇನ್ನೊಂದು ಸಲ ಓದಿ ಎಂದರು. ಓದಿದೆ. ಬೆರಳಿನಿಂದ ಸಾಹೇಬರ ಬರಹ ಮುಟ್ಟಿದರು, ಆಮೇಲೆ ನನ್ನದು.

“ಇದರ ಕೆಳಗೆ ಮೊಹರಿದೆ” ಎಂದರು. “ನಿಮ್ಮದಕ್ಕೆ ಇಲ್ವಲ್ಲ ಮೇಷ್ಟ್ರೆ.”

ಅಕ್ಟೋಬರ್ ೧೧, ಭಾನುವಾರ

ದಸರಾ ರಜೆ. ಬೆಳಿಗ್ಗೆ ಮೊದಲ ಬಸ್ಸಿಗೆ ತೀರ್ಥಹಳ್ಳಿ, ಅಲ್ಲಿಂದ ಹೊಸನಗರ, ಅಲ್ಲಿಂದ ನಾಲ್ಕು ಮೈಲಿ ನಡಿಗೆ. ದಾರಿಯುದ್ದಕ್ಕೂ ಎದುರಿನಿಂದ ಗಾಡಿಗಳು. ತೊಲೆ, ಬಾಗಿಲು, ಹೆಂಚು, ಒರಳುಕಲ್ಲು, ಮೇಲೆ ಕೂತ ಮುದುಕಿಯರು. ಲಿಂಗನಮಕ್ಕಿಯಲ್ಲಿ ಕಟ್ಟಿದ ನೀರು ಇಲ್ಲಿಯವರೆಗೆ ಬಂದು ನಿಂತಿದೆ. ಅವಳ ಅತ್ತೆಯ ಮನೆ ದಿಬ್ಬದ ಮೇಲೆ ಇದೆ. ಕೆಳಗಿನ ಗದ್ದೆ ಇಲ್ಲ, ಗದ್ದೆಯ ಜಾಗದಲ್ಲಿ ನೀರು. ಮಾಡಿನ ಹೆಂಚು ಇಳಿಸಿಯಾಗಿತ್ತು.

ಗುತ್ಯಮ್ಮ ನೀರಿನ ಅಂಚಿನಲ್ಲಿ ಕೂತಿದ್ದಳು, ಸೊಂಟದ ಮೇಲೆ ಕೂಸು. ಒಂದು ಗೇಣು ಎತ್ತರ ಬೆಳೆದಿದ್ದಾಳೆ. ನನ್ನನ್ನು ಕಂಡು ಎದ್ದು ನಿಂತಳು, ಕ್ಲಾಸಿನಲ್ಲಿ ನಿಂತ ಹಾಗೆ. ಅವಳ ಮುಂದೆ ದಿಬ್ಬದ ಇಳಿಜಾರಿನಲ್ಲಿ ಸಾಲಾಗಿ ಕಲ್ಲು ಇಟ್ಟಿತ್ತು. ಕೆಳಗಿನವು ನೀರಿನೊಳಗೆ ಮಸುಕಾಗಿ ಕಾಣುತ್ತಿದ್ದವು.

“ಇದೇನು?” ಎಂದೆ.

“ದಿನಾ ನೀರು ಎಲ್ಲಿಗೆ ಬಂತು ಅಂತ ಒಂದೊಂದು ಕಲ್ಲು ಸಾ. ಮೊನ್ನೆ ಇಲ್ಲಿತ್ತು. ಇವತ್ತು ಇಲ್ಲಿ.” ನನ್ನ ಮುಖ ನೋಡದೆ, “ಗುಡ್ಡ ಹತ್ತುತ್ತೆ ಸಾ. ಮುಂದೆ ಕಟ್ಟಿದ್ರೆ ಹತ್ತುತ್ತೆ. ಆವಾಗ ನಂಗೆ ಗೊತ್ತಿರ್ಲಿಲ್ಲ” ಎಂದಳು.

ನನ್ನದು ತಪ್ಪಾಯಿತು ಎಂದೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. ನಿಮ್ಮ ಅಪ್ಪನಿಗೆ ನಾನೇ ಎಲ್ಲ ಹೇಳಿದ್ದೇನೆ, ಅವರು ನಂಬುತ್ತಿಲ್ಲ ಎಂದೆ.

“ನಾನು ಯಾರಿಗೂ ಹೇಳ್ಲಿಲ್ಲ ಸಾ. ಅಪ್ಪ ಹೊಡೆದಾಗ್ಲೂ ಹೇಳ್ಲಿಲ್ಲ.”

“ಗೊತ್ತು.”

“ಈಗ ಹೇಳ್ಬೌದಾ ಸಾ?”

ಹೇಳು ಎಂದೆ. ಹತ್ತು ತಿಂಗಳು ಈ ಮಗು ಅದನ್ನು ಹೊತ್ತುಕೊಂಡು ತಿರುಗಿದೆ. ನಾನು ಒಂದು ಸಂಜೆ ಹೊರಿಸಿ ಮರೆತಿದ್ದೆ.

ಅವಳು ಕೂಸಿನ ಜೊತೆ ದಿಬ್ಬ ಹತ್ತಿ ಓಡಿದಳು. ಅತ್ತೆ ಅಂಗಳದಲ್ಲಿ ಒರಳನ್ನು ನೆಲದಿಂದ ಕೀಳಲು ಹೆಣಗುತ್ತಿದ್ದರು. ನಾನು ಹಿಂದೆ ಹೋದೆ.

“ಅತ್ತೆ, ನಂಗೆ ಗೊತ್ತಿತ್ತು.”

“ಏನು?”

“ತುಂಗೆ ನೀರು ಎಲ್ಲಿಗೆ ಹೋಗುತ್ತೆ ಅಂತ. ಸಾಹೇಬ್ರು ಬಂದಾಗ್ಲೇ ಗೊತ್ತಿತ್ತು. ಪೂರ್ವಕ್ಕೆ ಹೋಗುತ್ತೆ.”

ಅತ್ತೆ ಬೆವರು ಒರೆಸಿಕೊಂಡು ಅವಳನ್ನೂ ನನ್ನನ್ನೂ ನೋಡಿದರು. “ಯಾವ ನೀರು ಎತ್ಲಾಗಾದ್ರೂ ಹೋಗ್ಲಿ ಮಾರಾಯ್ತಿ, ಇದು ಬಾಗಿಲಿಗೆ ಬಂತು. ನಾಳೆ ಗಾಡಿ ಬರುತ್ತೆ. ಕೂಸಿನ ಮಲಗಿಸಿ ಆ ಗುದ್ದಲಿ ತಗಂಬಾ” ಎಂದರು. ನನಗೆ, “ಕೂತ್ಕೊಳ್ಳಿ ಮೇಷ್ಟ್ರೆ, ಕೂರೋಕೆ ಮಣೆನೂ ಕಟ್ಟಿ ಆಯ್ತು” ಎಂದರು.

ಅವಳನ್ನು ಕರೆದುಕೊಂಡು ಹೋಗುತ್ತೇನೆ, ಐದನೆಯದಕ್ಕೆ ಸೇರಿಸುತ್ತೇನೆ ಎಂದೆ. ಹೊಸ ಜಾಗದಲ್ಲಿ ಗುಡಿಸಲು ಏಳಬೇಕು, ಕೂಸು ನಡೆಯುವಂತಾಗಬೇಕು, ಬೇಸಗೆಗೆ ನೋಡೋಣ ಎಂದರು. ಬೇಸಗೆಗೆ ನಾನು ಎಲ್ಲಿರುತ್ತೇನೋ ಎಂದು ಯೋಚಿಸಿದೆ. ಸಾಗರದ ಆರ್ಡರಿಗೆ ಇನ್ನೂ ಉತ್ತರ ಬರೆದಿಲ್ಲ. ನೀನೇನು ಹೇಳುತ್ತೀ ಎಂದು ಗುತ್ಯಮ್ಮನನ್ನು ಕೇಳಿದೆ.

ಮತ್ತೆ ಅದೇ ರೀತಿ ನನ್ನ ಮುಖ ನೋಡಿದಳು.

“ಏನು ಹೇಳ್ಬೇಕು ಸಾ?” ಎಂದಳು.

ಆಮೇಲೆ ಗುದ್ದಲಿ ತರಲು ಹೋದಳು.